ಭಾಯಿ ಬಿಡಬೇಕಾಗಿದ್ದ ಕೈ

ಮೊದಲೇ ಹೇಳಿಬಿಡುತ್ತೇನೆ, ನಾನು ಜೂಜುಕೋರಳಲ್ಲ. ದಾಂಡೇಲಿಯಲ್ಲಿ ಖಾನಾವಳಿ ನಡೆಸುವವಳು. ರೊಟ್ಟಿ ಬಡಿಯುವ ಕೈಗೆ ಇಸ್ಪೀಟಿನ ಎಲೆ ಹೇಗೆ ಬಂತು ಎಂದು ಮೂಗು ಮುರಿಯುವವರು ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ನಮ್ಮಲ್ಲಿಗೆ ಬಂದು ಕೂತು ನೋಡಲಿ. ಊಟದ ಗದ್ದಲ ಮುಗಿದಿರುತ್ತದೆ, ಪಾತ್ರೆ ತೊಳೆದಾಗಿರುತ್ತದೆ, ಮಿಲ್ಲಿನ ಮುಂದಿನ ಪಾಳಿಯ ಭೋಂಗಾ ಊದಲು ಇನ್ನೂ ಹೊತ್ತಿರುತ್ತದೆ. ಮಲಗಿದರೆ ಸೊಂಟ ಹಿಡಿಯುತ್ತದೆ, ಕೂತರೆ ತಲೆ ಏನೇನೋ ಯೋಚಿಸುತ್ತದೆ. ಎಲೆ ಹಂಚಿಕೊಂಡರೆ ಎರಡೂ ತಪ್ಪುತ್ತವೆ.

ಆಟ ಹಚ್ಚಿಸಿದವರು ನಮ್ಮ ಯಜಮಾನರು. ಧಾರವಾಡದ ಕಡೆಯಿಂದ ಮಿಲ್ಲಿನ ಕೆಲಸಕ್ಕೆಂದು ಬಂದ ಮನುಷ್ಯ, ನನ್ನ ಕೈಯಡುಗೆ ನೋಡಿ ಖಾನಾವಳಿ ತೆಗೆಸಿದರು. ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ ನಾಲ್ಕೈದು ಜನರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ದುಡ್ಡಿನ ಬದಲು ಹುಣಸೆ ಬೀಜ ಇಟ್ಟು ಆಡುತ್ತಿದ್ದರು. ದುಡ್ಡು ಇಟ್ಟರೆ ಒಲೆಯೊಳಗಿನ ಕೊಳ್ಳಿ ತಂದು ಎಲೆ ಸುಡುತ್ತೇನೆ ಎಂದು ನಾನೇ ಹೇಳಿದ್ದೆ. ಹೇಳಿದ್ದನ್ನು ಮಾಡುವವಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ನಾಲ್ಕೈದು ಜನರಲ್ಲಿ ಒಬ್ಬರು ಭಾಯಿ. ಹಳಿಯಾಳ ರಸ್ತೆಯಲ್ಲಿ ಅವರ ಲಾರಿ ಗ್ಯಾರೇಜು. ನಮ್ಮ ಯಜಮಾನರಿಗಿಂತ ಎರಡು ವರ್ಷ ಚಿಕ್ಕವರು, ಹಾಗಾಗಿ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಉಳಿದವರು ಬೇರೆ ಬೇರೆ ಊರಿಗೆ ಹೋದರು, ಕೆಲವರು ಸಂಕೋಚ ಮಾಡಿಕೊಂಡರು. ಭಾಯಿ ಮಾತ್ರ ಹದಿನೈದು ದಿನ ಬಿಟ್ಟು ಮೂರು ಗಂಟೆಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತು, "ಎಲಿ ಎಲ್ಲಿ ಇಟ್ಟೀರಿ ವೈನಿ? ತಗೀರಿ. ಮನಷ್ಯಾ ಹ್ವಾದ, ಆಟ ಎಲ್ಲಿ ಹೋಗತೈತಿ," ಅಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಎಲೆ ತಂದೆ. ಊಟಕ್ಕೆ ಬರುವ ಇಬ್ಬರು ಕಂತ್ರಾಟಿ ಕೆಲಸಗಾರರನ್ನು ಕೂರಿಸಿಕೊಂಡು ಅಂದಿನಿಂದ ನಾನೇ ಆಡತೊಡಗಿದೆ.

ನಮ್ಮ ಬೆಂಚಿನ ಮೇಲೆ ಒಂದು ರೂಢಿ ಇತ್ತು. ಯಾರಾದರೂ ತಮ್ಮ ಕೊನೆಯ ಬೀಜಗಳನ್ನೆಲ್ಲ ನಡುವೆ ಸರಿಸಿದರೆ, ಎಲ್ಲರೂ ಎಲೆ ಮುಚ್ಚಿ ಅವನನ್ನು ಒಬ್ಬನೇ ಬಿಡುವಂತಿರಲಿಲ್ಲ. ಯಾರ ಮುಂದೆ ಹೆಚ್ಚು ಬೀಜ ಇದೆಯೋ ಅವರು "ಬರ್ರಿ" ಎಂದು ತಮ್ಮ ಎಲೆ ತೆರೆಯಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೂ ಸರಿ. ಖಾನಾವಳಿಯಲ್ಲಿ ಹುಟ್ಟಿದ ರೂಢಿ ಇದು. ಬಾಗಿಲಿಗೆ ಬಂದವನಿಗೆ ಬರ್ರಿ ಅನ್ನದೆ ಒಳಗಿನವರು ಮುಖ ತಿರುಗಿಸಿ ಉಣ್ಣುತ್ತಾ ಕೂರುವುದುಂಟೇ? ಸರಿಸಿದವನಿಗೆ ಸುಮ್ಮನೆ ಬಿಟ್ಟುಕೊಟ್ಟರೆ ಅದು ಕನಿಕರ, ಕನಿಕರ ಮಾಡಿಸಿಕೊಳ್ಳಲು ಯಾರೂ ಇಲ್ಲಿ ಕೂತಿಲ್ಲ ಎನ್ನುತ್ತಿದ್ದರು ನಮ್ಮವರು. ಹೀಗೆ ಆಡಿದರೆ ಆಟ ಬೇಗ ಮುಗಿಯುತ್ತಿತ್ತು, ನಗೆ ಹೆಚ್ಚಾಗುತ್ತಿತ್ತು. ಸೋತವರು ಚಹಾ ಮಾಡುತ್ತಿದ್ದರು.

ಪೋಕರ್ ಎಂಬುದು ನಮ್ಮ ಬೆಂಚಿಗೆ ಬಂದದ್ದು ನನ್ನ ಫೋನಿನಿಂದ. ಅಡುಗೆಯ ವಿಡಿಯೊ ನೋಡುತ್ತಾ ನೋಡುತ್ತಾ ಅದು ಯಾವುದೋ ದಾರಿ ಹಿಡಿದು ಇಸ್ಪೀಟಿನ ಮೇಜು ತೋರಿಸಿತು. ಒಬ್ಬೊಬ್ಬರಿಗೆ ಎರಡೇ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು, ಬೀಜದ ಬದಲು ಬಣ್ಣದ ಬಿಲ್ಲೆ. ನನಗೆ ಬಹಳ ಹಿಡಿಸಿತು. ಭಾಯಿಗೆ ಕಲಿಸಿದೆ. "ನಿಮ್ಮ ಫೋನ್ ಮಾಸ್ತರ ಇವತ್ತ ಏನ ಪಾಠ ಹೇಳ್ಯಾರ?" ಎಂದು ದಿನಾ ಕಾಡಿಸುತ್ತಲೇ ಕಲಿತರು. ಆರು ತಿಂಗಳಲ್ಲಿ ನನ್ನನ್ನೇ ಸೋಲಿಸತೊಡಗಿದರು. ಎದುರಿನವರ ಮುಖ ನೋಡಿ ಕೈಯಲ್ಲಿ ಎಂಥ ಎಲೆ ಇದೆ ಎಂದು ಹೇಳುತ್ತಿದ್ದರು. ಲಾರಿ ಡ್ರೈವರುಗಳ ಸುಳ್ಳು ಕೇಳಿ ಕೇಳಿ ಬಂದ ವಿದ್ಯೆ ಅದು ಎನ್ನುತ್ತಿದ್ದರು.

ಆ ಹೊತ್ತಿಗಾಗಲೇ ಅವರ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಕ್ಕೆ ಇಳಿದಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಎಡಗಣ್ಣು ಮುಗಿದಂತೆಯೇ, ಬಲಗಣ್ಣನ್ನು ಇಂಜೆಕ್ಷನ್ ಕೊಟ್ಟು ಎಳೆಯುತ್ತಿದ್ದಾರೆ, ಎಷ್ಟು ದಿನ ಎಂದು ಅವರೂ ಹೇಳುವುದಿಲ್ಲ. ಭಾಯಿ ಎಲೆಯನ್ನು ಬಲಗಣ್ಣಿನ ಹತ್ತಿರ ಹಿಡಿದು, ತುಸು ಓರೆ ಮಾಡಿ ನೋಡುವುದನ್ನು ನಾನು ಗಮನಿಸಿದ್ದೆ. ಕೆಂಪು ಎಲೆಗಳಲ್ಲಿ ಎರಡು ಜಾತಿ ಬೇರೆ ಮಾಡಲು ಹೊತ್ತು ತೆಗೆದುಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ, ಒಂದು ದಿನ ಅವರೇ ಹೇಳಿದರು.

"ವೈನಿ, ಒಂದು ಆಸೆ ಐತಿ ನೋಡ್ರಿ. ನಗಬ್ಯಾಡ್ರಿ ಮತ್ತ. ಆ ಗೋವಾದ ಹಡಗಿನ್ಯಾಗ ದೊಡ್ಡ ಆಟ ಆಡ್ತಾರಂತಲ್ಲ, ನಿಮ್ಮ ಫೋನಿನ್ಯಾಗ ತೋರ್ಸಿದ್ರಿ? ಅಲ್ಲಿ ಒಮ್ಮೆ ಕುಂದರಬೇಕ್ರಿ. ಎಲಿ ಇನ್ನೂ ಕಾಣ್ತಿರೂವಾಗನ."

"ಕುಂತು ಏನ ಮಾಡ್ತೀರಿ? ಗೆದ್ರ ರೊಕ್ಕ ಬರತೈತಿ. ನಿಮ್ಮ ಮಸೀದ್ಯಾಗ ಏನಂತಾರ?"

"ಗೆಲ್ಲಾವ ಯಾರ್ರಿ ಅಲ್ಲಿ! ಕುಂದರೂದು ಸಾಕು. ಕುರ್ಚಿ ಹರಾಮ್ ಅಲ್ಲ," ಎಂದು ನಕ್ಕರು. ನಾನು ನಗಲಿಲ್ಲ. ಜೀವನವೆಲ್ಲ ಲಾರಿಯ ಕೆಳಗೆ ಬೆನ್ನು ಹಚ್ಚಿ ಮಲಗಿದ ಮನುಷ್ಯ ಕೇಳಿದ್ದು ಒಂದು ಕುರ್ಚಿ. ಎಲೆ ಇನ್ನೂ ಕಾಣುತ್ತಿರುವಾಗಲೇ ಒಮ್ಮೆ ಕೂರಬೇಕು, ಅಷ್ಟೆ.

ಅದಾದ ಮಳೆಗಾಲದಲ್ಲಿ ಯೋಗ ಕೂಡಿ ಬಂತು. ಮಳೆಗಾಲಕ್ಕೆ ಕಾಳಿ ನದಿಯ ರಾಫ್ಟಿಂಗ್ ನಿಂತು, ಜೋಯಿಡಾ ದಾರಿಯ ರೆಸಾರ್ಟುಗಳು ಖಾಲಿ ಹೊಡೆಯುತ್ತವೆ. ಅಂಥದೊಂದು ರೆಸಾರ್ಟಿನವರು ಗೋವಾದ ಆಟ ನಡೆಸುವವರ ಜೊತೆ ಸೇರಿಕೊಂಡು ಒಂದು ಭಾನುವಾರ ಸ್ಯಾಟಲೈಟ್ ಇಟ್ಟರು. ಪ್ರವೇಶಕ್ಕೆ ದುಡ್ಡಿಲ್ಲ, ಅಲ್ಲೇ ಊಟ ಮಾಡಬೇಕು, ಅಷ್ಟೆ. ಸ್ಯಾಟಲೈಟ್ ಎಂದರೆ ದೊಡ್ಡ ಆಟಕ್ಕೆ ಜನರನ್ನು ಆರಿಸುವ ಚಿಕ್ಕ ಆಟ. ಗೆದ್ದವರಿಗೆ ದುಡ್ಡಲ್ಲ, ಗೋವಾದ ಹಡಗಿನಲ್ಲಿ ಕುರ್ಚಿ. ಕುರ್ಚಿ ಮೂರು.

ನಾನು ಎರಡು ವಾರ ಫೋನು ಹಿಡಿದು ಓದುವ ಹುಡುಗಿಯಂತೆ ಕೂತೆ. ಸ್ಯಾಟಲೈಟಿನ ಗುಟ್ಟು ತಿಳಿಯಿತು. ಅದನ್ನು ಭಾಯಿಗೆ ಹಿಟ್ಟು ನಾದುತ್ತಾ ನಾದುತ್ತಾ ಹೇಳಿಕೊಟ್ಟೆ. "ನೋಡ್ರಿ ಭಾಯಿ, ಇಲ್ಲಿ ಮೊದಲನೇದಾವ, ಎರಡನೇದಾವ ಅಂತ ಇಲ್ಲ. ಕಡೀಕ ಉಳದ ಮೂರು ಮಂದಿಗೆ ಒಂದೊಂದು ಕುರ್ಚಿ. ಒಬ್ಬನ ಮುಂದ ಬಿಲ್ಲೆಗಳ ಗುಡ್ಡ ಇರಲಿ, ಇನ್ನೊಬ್ಬನ ಮುಂದ ಒಂದ ಬಿಲ್ಲೆ ಇರಲಿ, ಕುರ್ಚಿ ಅಷ್ಟ. ಅದಕ್ಕ ಉಳಿಯೂದು ಮುಖ್ಯ, ಗೆಲ್ಲೂದಲ್ಲ. ಸಣ್ಣ ರಾಶಿಯವರು ಹತಾಶ ಆಗಿ ಎಲ್ಲಾ ಸರಿಸ್ತಾರ, ಆಲ್ ಇನ್ ಅಂತಾರ. ನೀವು ಅವರ ಬೆನ್ನ ಹತ್ತಬ್ಯಾಡ್ರಿ. ಕೈಯಾಗ ಛಲೋ ಎಲಿ ಇದ್ರೂ ಬಿಟ್ಟಬಿಡ್ರಿ. ಅವರನ್ನ ಅವರಷ್ಟಕ್ಕ ಮುಗೀಲಿಕ್ಕ ಬಿಡ್ರಿ."

ಭಾಯಿ ಗಲ್ಲ ಕೆರೆದುಕೊಂಡರು. "ಅಂದ್ರ ಬಾಗಲಾ ಹಾಕ್ಕೊಂಡು ಕುಂದರೂ ಆಟ."

"ಹೌದ್ರಿ. ಒಂದ ದಿನ ಹಾಕ್ಕೊರ್ರಿ. ನಾವಿಬ್ರೂ ಹೋಗೂಣು ಗೋವಾಕ್ಕ."

"ಆತು ಬಿಡ್ರಿ, ಮಾಸ್ತರ ಹೇಳಿದಂಗ," ಅಂದರು. ಅವರಿಗೆ ಅದು ರುಚಿಸಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಆದರೆ ಅರ್ಥವಾಗಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಆ ಭಾನುವಾರ ಖಾನಾವಳಿಗೆ ಬೀಗ ಹಾಕಿ, ಗಿರಾಕಿಗಳ ಬೈಗುಳ ಹೊತ್ತುಕೊಂಡು, ಭಾಯಿಯ ಪರಿಚಯದವರ ಟೆಂಪೋದಲ್ಲಿ ಹೋದೆವು. ಹಾಲ್ ತುಂಬ ಜನ. ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗರು, ಟೋಪಿ ಹಿಂದೆಮುಂದೆ ಹಾಕಿಕೊಂಡವರು, ಕಿವಿಗೆ ಏನೋ ಸಿಗಿಸಿಕೊಂಡವರು. ಇಳಕಲ್ ಸೀರೆ ಉಟ್ಟವಳು ನಾನೊಬ್ಬಳೇ. ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಕಾಕೂ, ಇನ್ನೊಂದು ಪ್ಲೇಟ್ ಭಜಿ ತರ್ರಿ," ಅಂದ. ಅವನ ಬಿಲ್ಲೆಗಳನ್ನೆಲ್ಲ ಮಧ್ಯಾಹ್ನದ ಊಟದೊಳಗೆ ನಾನೇ ಗೆದ್ದುಕೊಂಡೆ. ಅದೊಂದು ಖುಷಿ ಇವತ್ತಿಗೂ ಇದೆ.

ಭಾಯಿ ಆಡಿದ ರೀತಿ ನೀವು ನೋಡಬೇಕಿತ್ತು. ಮೊದಮೊದಲು ನಾಲ್ಕು ಕೈ ಚೆನ್ನಾಗಿ ಗೆದ್ದು ರಾಶಿ ಮಾಡಿಕೊಂಡರು. ಆಮೇಲೆ ಬಾಗಿಲು ಹಾಕಿಕೊಂಡರು ನೋಡಿ! ಸಣ್ಣ ರಾಶಿಯವರು ಒಬ್ಬರಾದ ಮೇಲೆ ಒಬ್ಬರು ಆಲ್ ಇನ್ ಎಂದು ಸರಿಸಿದರೂ ಈ ಮನುಷ್ಯ ಎಲೆ ಮುಂದಕ್ಕೆ ತಳ್ಳಿ ಸುಮ್ಮನೆ ಕೂರುತ್ತಿದ್ದರು. ಒಮ್ಮೆ ಎರಡು ರಾಣಿ ಬಂದಿತ್ತಂತೆ, ಅದನ್ನೂ ಬಿಟ್ಟರು. ಚಹಾಕ್ಕೆ ಎದ್ದಾಗ ಹೇಳಿದರು, "ಎರಡ ರಾಣಿ ಬಿಟ್ಟೇನ್ರಿ ವೈನಿ. ನಿಮ್ಮ ಮಾಸ್ತರಗ ಹೇಳ್ರಿ." ನಾನು ಅವರ ಬೆನ್ನು ಚಪ್ಪರಿಸುವುದೊಂದು ಬಾಕಿ. ಅಷ್ಟು ಹೆಮ್ಮೆ ಆಗಿತ್ತು ನನಗೆ.

ಸಂಜೆ ಐದರ ಸುಮಾರಿಗೆ ಒಂದೇ ಮೇಜು, ನಾಲ್ಕು ಜನ. ಕುರ್ಚಿ ಮೂರು. ಅಂದರೆ ಇನ್ನೊಬ್ಬರು ಹೋಗಬೇಕು, ಉಳಿದವರಿಗೆ ಗೋವಾ. ಹುಬ್ಬಳ್ಳಿಯ ಕಾರು ವ್ಯಾಪಾರಿಯೊಬ್ಬ ಬಿಲ್ಲೆಗಳ ಗೋಡೆ ಕಟ್ಟಿಕೊಂಡು ಕೂತಿದ್ದ. ಅವನನ್ನು ಬಿಟ್ಟರೆ ಭಾಯಿಯ ರಾಶಿ ದೊಡ್ಡದು. ನಂತರ ನನ್ನದು. ಎಲ್ಲರಿಗಿಂತ ಚಿಕ್ಕದು ಜೋಯಿಡಾದ ಹೋಂಸ್ಟೇ ನಡೆಸುವವನೊಬ್ಬನದು, ನನಗಿಂತ ತುಸುವೇ ಕಡಿಮೆ. ನನ್ನ ಬಲಕ್ಕೆ ಅವನು, ನನ್ನ ಎಡಕ್ಕೆ ಭಾಯಿ, ಭಾಯಿಯ ಆಚೆ ಹುಬ್ಬಳ್ಳಿಯವನು.

ಈ ಆಟದಲ್ಲಿ ಪ್ರತಿ ಕೈಗೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಬಿಲ್ಲೆ ಇಡಬೇಕು. ಅದು ಸರದಿಯಂತೆ ಸುತ್ತುತ್ತದೆ, ಹೊತ್ತು ಹೋದಂತೆ ದೊಡ್ಡದಾಗುತ್ತದೆ. ಸುಮ್ಮನೆ ಕೂತರೂ ಅದು ರಾಶಿಯನ್ನು ತಿನ್ನುತ್ತದೆ. ಆ ಕೈಯಲ್ಲಿ ಚಿಕ್ಕ ಕಡ್ಡಾಯ ನನ್ನದು, ದೊಡ್ಡದು ಭಾಯಿಯದು. ಹುಬ್ಬಳ್ಳಿಯವನು ಎಲೆ ಬಿಟ್ಟ. ಹೋಂಸ್ಟೇಯವನೂ ಬಿಟ್ಟ. ಉಳಿದದ್ದು ನಾನು ಮತ್ತು ಭಾಯಿ.

ಎಲೆ ಎತ್ತಿ ನೋಡಿದೆ. ಏಳು ಮತ್ತು ಮೂರು. ಕಸ ಎಂದರೆ ಕಸ.

ಆಗ ನನ್ನ ತಲೆಯಲ್ಲಿ ಓಡಿದ್ದು ಫೋನಿನ ಲೆಕ್ಕ. ನಾನು ಎಲ್ಲ ಸರಿಸಿದರೆ ಭಾಯಿ ಬಿಡಲೇಬೇಕು. ಅವರ ಕುರ್ಚಿ ಹೆಚ್ಚುಕಡಿಮೆ ಕೈಗೆ ಬಂದಿದೆ, ನನ್ನ ಬೆನ್ನು ಹತ್ತಿ ಅದನ್ನು ಕಳೆದುಕೊಳ್ಳುವ ಹುಚ್ಚು ಯಾರೂ ಮಾಡುವುದಿಲ್ಲ. ಅವರು ಬಿಟ್ಟರೆ ಇಬ್ಬರ ಕಡ್ಡಾಯದ ಬಿಲ್ಲೆಗಳೂ ನನಗೆ. ನಾನು ಹೋಂಸ್ಟೇಯವನಿಗಿಂತ ಚೆನ್ನಾಗಿ ಮೇಲೇರುತ್ತೇನೆ. ಎರಡು ಸುತ್ತಿನಲ್ಲಿ ಅವನು ತಾನಾಗಿಯೇ ಮುಗಿಯುತ್ತಾನೆ. ನಾನೂ ಭಾಯಿಯೂ ಗೋವಾಕ್ಕೆ. ಲೆಕ್ಕ ಸರಿಯಾಗಿಯೇ ಇತ್ತು. ಯಾವ ಮಾಸ್ತರನನ್ನು ಕೇಳಿದರೂ ಸರಿ ಅನ್ನುತ್ತಾನೆ.

"ಆಲ್ ಇನ್," ಅಂದು ಬಿಲ್ಲೆಗಳನ್ನೆಲ್ಲ ಸರಿಸಿದೆ.

ಭಾಯಿ ತಮ್ಮ ಎಲೆಗಳನ್ನು ಬಲಗಣ್ಣಿನ ಹತ್ತಿರ ಹಿಡಿದು ಓರೆ ಮಾಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ರಾಶಿ ನೋಡಿದರು, ನನ್ನ ಮುಖ ನೋಡಿದರು. ಬಿಡ್ರಿ ಭಾಯಿ, ಬೇಗ ಬಿಡ್ರಿ ಎಂದು ನಾನು ಒಳಗೊಳಗೇ ಅನ್ನುತ್ತಿದ್ದೆ. ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

"ಬರ್ರಿ ವೈನಿ," ಅಂದರು.

ಎಲೆ ಹಂಚುವ ಹುಡುಗಿಗೆ ಅರ್ಥವಾಗಲಿಲ್ಲ. "ಕಾಲ್ ಏನ್ ಸರ್?" ಎಂದು ಕೇಳಿದಳು. ಕಾಲ್ ಎಂದರೆ ಎದುರಿನವರಷ್ಟೇ ಬಿಲ್ಲೆ ಇಟ್ಟು ಎಲೆ ತೆರೆಯುವುದು. ಭಾಯಿ ಹೂಂ ಎಂದು ತಲೆಯಾಡಿಸಿದರು. ಅಯ್ಯ ಶಿವನೇ, ಇದು ನಮ್ಮ ಬೆಂಚಲ್ಲ, ಇವು ಹುಣಸೆ ಬೀಜ ಅಲ್ಲ! ಇಡೀ ದಿನ ಪರಕೀಯರ ಮುಂದೆ ಬಾಗಿಲು ಹಾಕಿಕೊಂಡು ಕೂತವರು ನಾನು ಬಂದು ನಿಂತಾಗ ತೆರೆದುಬಿಟ್ಟರಲ್ಲ ಎಂದುಕೊಂಡೆ.

ಭಾಯಿ ಎಲೆ ಮಗುಚಿದರು. ಒಂದು ರಾಜ, ಒಂದು ಗುಲಾಮ. ಕೆಟ್ಟದ್ದಲ್ಲ, ಆದರೆ ಎರಡು ರಾಣಿಯನ್ನು ಬಿಟ್ಟವರು ಇಂಥ ಹೊತ್ತಲ್ಲಿ ಹಿಡಿಯುವ ಕೈ ಖಂಡಿತ ಅಲ್ಲ. ಹುಡುಗಿ "ಕಿಂಗ್, ಜ್ಯಾಕ್" ಅಂದಳು. ಭಾಯಿ ಥಟ್ಟನೆ ಬಗ್ಗಿ ಎಲೆಯ ಹತ್ತಿರ ಮುಖ ತಂದು, "ಹಾಂ? ಎರಡೂ ರಾಜಾ ಅಲ್ಲನ್ರಿ ಅವು?" ಎಂದರು. ಮೇಜಿನ ಸುತ್ತ ಅಯ್ಯೋ ಎಂಬ ದನಿ ಎದ್ದಿತು.

ನಡುವಿನ ಎಲೆಗಳು ಒಂದೊಂದಾಗಿ ಬಿದ್ದವು. ನಾಲ್ಕನೆಯ ಎಲೆಯವರೆಗೂ ಭಾಯಿಯೇ ಮುಂದು. ನಾನು ಮೊದಲ ಬಾರಿಗೆ ನನ್ನ ಸೋಲಿಗಾಗಿ ಬೇಡಿಕೊಂಡೆ. ನಾನು ಹೊರಬಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ, ಭಾಯಿಗೆ ಕುರ್ಚಿ ಸಿಗುತ್ತದೆ. ಕೊನೆಯ ಎಲೆ ಏಳು. ದರಿದ್ರ ಏಳು, ನನ್ನ ಏಳಕ್ಕೆ ಜೋಡಿಯಾಗಿ ನನ್ನನ್ನೇ ಗೆಲ್ಲಿಸಿತು. ನನ್ನ ರಾಶಿ ಎರಡರಷ್ಟಾಯಿತು, ಭಾಯಿಯ ಮುಂದೆ ಒಂದು ಮುಷ್ಟಿ ಉಳಿಯಿತು. ಮುಂದಿನ ಕೈಯಲ್ಲಿ ಅವರ ಕಡ್ಡಾಯ ಅದರಲ್ಲೂ ಒಂದು ಪಾಲು ನುಂಗಿತು. ಉಳಿದದ್ದನ್ನು ಅವರು ಸರಿಸಿದರು. ಹುಬ್ಬಳ್ಳಿಯವನು ಫೋನು ನೋಡುತ್ತಲೇ "ಕಾಲ್" ಅಂದ, ಗೆದ್ದ. ಮುಗಿಯಿತು.

ಚಪ್ಪಾಳೆ ಬಿತ್ತು. ಯಾರೋ ನನ್ನ ಕೈ ಕುಲುಕಿದರು. ನಾನು ಹುಚ್ಚಿಯಂತೆ ಆಟ ನಡೆಸುವವರ ಹಿಂದೆ ಓಡಿದೆ. ಈ ಕುರ್ಚಿ ಇವರಿಗೆ ಕೊಡ್ರಿ, ನನಗೆ ಬೇಡ, ಸೊಂಟ ನೋವು, ಖಾನಾವಳಿ ಬಿಟ್ಟು ಬರಲು ಆಗುವುದಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹೆಸರು ಬದಲಿಸಲು ಬರುವುದಿಲ್ಲ ಮೇಡಂ ಎಂಬ ಒಂದೇ ಮಾತು ಅವರದು. ಜಗಳ ಆಡಿದೆ. ನನ್ನ ಜಗಳ ಎಂದರೆ ಬಜಾರಿನಲ್ಲಿ ತರಕಾರಿಯವರು ಹೆದರುತ್ತಾರೆ. ಅಲ್ಲಿ ಯಾರೂ ಹೆದರಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಭಾಯಿಯೇ ನನ್ನನ್ನು ಸಮಾಧಾನ ಮಾಡಿದರು. "ಕಣ್ಣು ಮೋಸ ಮಾಡಿದ್ವು ನೋಡ್ರಿ. ಎರಡ ರಾಜಾ ಅಂತ ತಿಳಕೊಂಡೆ. ಎರಡ ರಾಜಾ ಇದ್ರ ಯಾರ ಬಿಡ್ತಾರ? ನೀವ ಹೇಳ್ರಿ." ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. "ನನ್ನ ಕಣ್ಣಿಗೆ ನೀವ್ಯಾಕ ಮುಖಾ ಸಣ್ಣ ಮಾಡ್ತೀರಿ? ಗೋವಾಕ್ಕ ಹೋಗಿ ಬರ್ರಿ. ಮುಂದಿನ ವರ್ಷ ನಾ ಬರ್ತೇನಿ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಬರ್ರಿ ಅಂದದ್ದು ರೂಢಿಗಾಗಿ ಅಲ್ಲ, ನನ್ನ ಮರ್ಯಾದೆಗಾಗಿ ಅಲ್ಲ, ಕಣ್ಣು ಮೋಸ ಮಾಡಿದ್ದಕ್ಕೆ. ಹಾಗಾದರೆ ನಾನು ಯಾರ ಬಾಯಿಯ ತುತ್ತನ್ನೂ ಕಸಿದುಕೊಂಡಿಲ್ಲ. ಎಷ್ಟು ಹಗುರ ಅನ್ನಿಸಿತು ಗೊತ್ತೇ? ಅವರ ಕಣ್ಣು ಹಾಳಾದದ್ದೇ ನನಗೆ ಸಮಾಧಾನ ಆಯಿತಲ್ಲ ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಗೋವಾಕ್ಕೆ ಹೋದೆ. ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಅವಳು ಹಡಗು ಅಲುಗಾಡುತ್ತದೆ ಎಂದು ಇಡೀ ದಿನ ದೇವರ ಹೆಸರು ಹೇಳುತ್ತಿದ್ದಳು. ದೊಡ್ಡ ಮೇಜಿನಲ್ಲಿ ನನ್ನ ಕುರ್ಚಿಯ ಮುಂದೆ ನನ್ನ ಹೆಸರಿನ ಚೀಟಿ ಇತ್ತು. ಕೂತೆ. ಮೆತ್ತನೆಯ ಕುರ್ಚಿ, ಕೈ ಇಡಲು ಚರ್ಮದ ಅಂಚು. ಅದರ ಮೇಲೆ ಕೈ ಇಟ್ಟಾಗ ಇಲ್ಲಿ ಗ್ರೀಸು ಹಿಡಿದ ಉಗುರಿನ ಕೈ ಇರಬೇಕಿತ್ತು ಅನ್ನಿಸಿ ಎಲೆಗಳ ಕಡೆ ಗಮನವೇ ಹೋಗಲಿಲ್ಲ. ಊಟದ ಹೊತ್ತಿಗೆ ಸೋತು ಎದ್ದೆ. ಭಾಯಿ ಫೋನು ಮಾಡಿ ಎಲ್ಲ ಕೇಳಿದರು. ಮೇಜಿನ ಬಟ್ಟೆ ಯಾವ ಬಣ್ಣ, ದೀಪ ಎಲ್ಲಿ ಹಚ್ಚಿದ್ದಾರೆ, ಎಲೆ ಹೊಸವೋ ಹಳೆಯವೋ. ಬಟ್ಟೆ ನೀಲಿ ಅಂದೆ, ಎಲೆ ಬೆಣ್ಣೆಯಂತೆ ಜಾರುತ್ತವೆ ಅಂದೆ. "ಹೌದಾ?" "ಹೌದಾ?" ಎಂದು ಕೇಳುತ್ತಲೇ ಇದ್ದರು.

ಮುಂದಿನ ವರ್ಷ ಬರಲಿಲ್ಲ. ಅಂದರೆ ವರ್ಷ ಬಂತು, ಕಣ್ಣು ಬರಲಿಲ್ಲ. ಚಳಿಗಾಲದಲ್ಲಿ ಬಲಗಣ್ಣಿನೊಳಗೆ ರಕ್ತ ಇಳಿಯಿತು. ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದರು. ಬೆಂಚಿನ ಮೇಲೆ ಕೂತು ಎಲೆ ಕೈಗೆತ್ತಿಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಕೆಳಗಿಟ್ಟರು. ಒಬ್ಬ ಕೆಲಸಗಾರ ಒಳ್ಳೆಯ ಮನಸ್ಸಿನಿಂದಲೇ, "ನಾ ಕಿವ್ಯಾಗ ಹೇಳ್ತೇನ್ರಿ ಚಾಚಾ," ಅಂದ. "ಬ್ಯಾಡಪಾ," ಅಂದರು. ಆಮೇಲೆ ಗ್ಯಾರೇಜು ಮುಚ್ಚಿ ಮುಂಡಗೋಡದಲ್ಲಿರುವ ಮಗಳ ಮನೆಗೆ ಹೋದರು. ನಮ್ಮ ಬೆಂಚಿನ ಆಟ ನಿಂತಿತು. ಆಡೋಣ ಎಂದು ಕೇಳಿದವರಿಗೆ ನಾನು ಸುಮ್ಮಸುಮ್ಮನೆ ಬೈದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಒಬ್ಬ ಬಂದ. ಎರಡು ರೊಟ್ಟಿ ಮುಗಿಸಿ, ಬದನೆಕಾಯಿ ಪಲ್ಯ ಮತ್ತೆ ಹಾಕಿಸಿಕೊಂಡು, ನನ್ನ ಮುಖ ನೋಡಿ, "ನೀವಲ್ಲೇನ್ರಿ, ಏಳು-ಮೂರು!" ಎಂದು ಕೂಗಿದ. ಹುಬ್ಬಳ್ಳಿಯ ಕಾರು ವ್ಯಾಪಾರಿ. ದಾಂಡೇಲಿಗೆ ಏನೋ ಗಾಡಿ ನೋಡಲು ಬಂದಿದ್ದನಂತೆ.

"ಆ ಚಾಚಾ ಹೆಂಗದಾರ್ರಿ? ಭಾರೀ ಆಟಗಾರ. ಆದ್ರ ಆ ಕೈಯಾಗ ಏನಾತೋ ಅವರಿಗೆ."

"ಕಣ್ಣು ಕಾಣಲಿಲ್ಲಪಾ. ಎರಡೂ ರಾಜಾ ಅಂತ ತಿಳಕೊಂಡ್ರು," ಅಂದೆ.

ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಇಲ್ರಿ! ನಾ ಬಾಜೂಕ ಕುಂತಿದ್ನೆಲ್ಲ. ಎಲಿ ಕಣ್ಣಿಗೆ ಹಚ್ಚಿ ನೋಡಿ, ತಮ್ಮಷ್ಟಕ್ಕ ತಾವು ಸಣ್ಣಗ ಅಂದ್ರು, ರಾಜಾ, ಗುಲಾಮ, ಇದು ಬಿಡೂ ಕೈ ಅಂತ. ಬಿಡ್ತಾರ ಅಂತ ನಾನೂ ಮಾಡಿದ್ದೆ. ಆಮ್ಯಾಲೆ ನಿಮ್ಮ ಕಡೆ ನೋಡಿ ಬರ್ರಿ ಅಂದ್ರು." ಅವನು ಮತ್ತೆ ಉಣ್ಣತೊಡಗಿದ. ನಾನು ಒಲೆಯ ಹತ್ತಿರ ಹೋಗಿ ನಿಂತೆ. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

ಮರುದಿನವೇ ಮುಂಡಗೋಡಕ್ಕೆ ಹೋದೆ. ಹಳಿಯಾಳದಲ್ಲಿ ಬಸ್ಸು ಬದಲಿಸಿದೆ, ಕಲಘಟಗಿಯಲ್ಲಿ ಇನ್ನೊಮ್ಮೆ. ದಾರಿಯುದ್ದಕ್ಕೂ ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎದುರಿಗಿದ್ದವನು ಯಾವನೋ ಟೋಪಿಯ ಹುಡುಗ ಆಗಿದ್ದರೆ ಬಿಟ್ಟುಬಿಡುತ್ತಿದ್ದ, ಎಲ್ಲ ಸರಿಹೋಗುತ್ತಿತ್ತು. ನಾನು ಫೋನಿನ ಲೆಕ್ಕವನ್ನು ಭಾಯಿಯ ಮೇಲೆ ಹಾಕಿದೆ. ಹದಿನೆಂಟು ವರ್ಷ ನನ್ನ ಬೆಂಚಿನಲ್ಲಿ ಕೂತ ಮನುಷ್ಯ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಆ ಏಳು-ಮೂರನ್ನು ಎಸೆದಿದ್ದರೆ ಏನು ಗಂಟು ಹೋಗುತ್ತಿತ್ತು? ಇನ್ನೊಂದು ಸುತ್ತು ಕಾಯಬಹುದಿತ್ತು. ನಾನೇ ಹೊರಬಿದ್ದಿದ್ದರೂ ಆಗುತ್ತಿತ್ತು. ನನಗೆ ಆ ಕುರ್ಚಿ ಯಾತಕ್ಕೆ ಬೇಕಿತ್ತು?

ಭಾಯಿ ಮಗಳ ಮನೆಯ ಮುಂದೆ ಕಟ್ಟೆಯ ಮೇಲೆ ಕೂತಿದ್ದರು. ಅಂದು ಸಂತೆ ಇತ್ತು, ರಸ್ತೆಯಲ್ಲಿ ಚೀಲ ಹೊತ್ತ ಜನ ಹೋಗುತ್ತಿದ್ದರು. ನನ್ನ ಚಪ್ಪಲಿಯ ಸದ್ದಿಗೇ, "ವೈನಿ ಅಲ್ಲೇನ್ರಿ? ಏನ್ರಿ ಇದು, ಹೇಳದ ಕೇಳದ!" ಎಂದು ಎದ್ದು ನಿಂತರು. ಮಗಳು ಚಹಾ ತಂದುಕೊಟ್ಟು ಒಳಗೆ ಹೋದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಅವರ ಕೈಗಿಟ್ಟೆ. ಮೂಸಿ ನೋಡಿ ನಕ್ಕರು. ಮುಖ ಬತ್ತಿತ್ತು, ನಗೆ ಹಾಗೇ ಇತ್ತು. ಕಣ್ಣು ನನ್ನ ಕಡೆ ಇರಲಿಲ್ಲ, ನನ್ನ ಹೆಗಲಿನಾಚೆ ಎಲ್ಲೋ ಇತ್ತು.

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಭಾಯಿ, ಅವತ್ತ ನಿಮಗ ಎಲಿ ಕಂಡಿದ್ವು," ಅಂದೆ.

ಚಹಾದ ಬಟ್ಟಲು ತಡಕಿ ಕೆಳಗಿಟ್ಟರು. "ಯಾರ ಹೇಳಿದ್ರು?"

"ಹುಬ್ಬಳ್ಳಿಯಾವ. ಖಾನಾವಳಿಗೆ ಬಂದಿದ್ದ."

"ಉಂಡು ಸುಮ್ಮನ ಹೋಗಾಕ ಆಗಲಿಲ್ಲೇನ್ ಅವಗ," ಎಂದು ಗೊಣಗಿದರು. ಆಮೇಲೆ ಹೇಳಿದರು, "ಕಂಡಿದ್ವು ರೀ ವೈನಿ. ಛಲೋ ಕಂಡಿದ್ವು. ಆ ಹಾಲಿನ್ಯಾಗ ಬೆಳಕು ಭಾಳ ಇತ್ತು ನೋಡ್ರಿ. ರಾಜಾನ ಮೀಸಿ ಸೈತ ಕಂಡಿತ್ತು. ಅದಾದ ಮ್ಯಾಲೆ ಅಷ್ಟು ಛಲೋ ಯಾವ ಎಲೀನೂ ಕಾಣಲಿಲ್ಲ ನನಗ."

ಖಾನಾವಳಿ ನಡೆಸುವ ಬಾಯಿ ಇದು, ಊರಿಗೆಲ್ಲ ಬೈಯುವ ಬಾಯಿ. ಸೆರಗನ್ನು ಬಾಯೊಳಗೆ ತುರುಕಿಕೊಂಡು, ಉಸಿರಿನ ಸದ್ದೂ ಆಗದಂತೆ ಕೂತೆ. ಅವರಿಗೆ ತಿಳಿಯಬಾರದು ಎಂದು ಕೈಗಳನ್ನು ಮಡಿಲಲ್ಲಿ ಬಿಗಿ ಹಿಡಿದೆ.

"ಅಳಾಕತ್ತೀರೇನ್ರಿ?" ಎಂದು ಕೇಳಿದರು.

"ಇಲ್ರಿ ಭಾಯಿ. ನಾ ಯಾಕ ಅಳ್ಲಿ," ಅಂದೆ.

ಅವರು ನನ್ನ ದನಿ ಬಂದ ಕಡೆಯನ್ನು ಹುಡುಕಿ ಹುಡುಕಿ ಮುಖ ತಿರುಗಿಸಿದರು. "ಕಾಣೂದಿಲ್ಲಂತ ನನಗ ಸುಳ್ಳ ಹೇಳಬ್ಯಾಡ್ರಿ ವೈನಿ."

"ಹೌದ್ರಿ ಭಾಯಿ," ಅಂದೆ. "ಅಳಾಕತ್ತೇನಿ."